ಹತ್ತಕ್ಕೆ ಆರು ಕೊಟ್ಟ ಚಾದರ

'ಧೂಮಗಡ' ವಿಡಿಯೊ ಗೇಮಿನ ಸೊಲ್ಲಾಪುರ–ಅಕ್ಕಲಕೋಟ ಅಭಿಮಾನಿ ಬಳಗದ ಮಾನ್ಯ ಅಧ್ಯಕ್ಷರಿಗೂ ಸರ್ವ ಸದಸ್ಯರಿಗೂ,

ಮಾನ್ಯರೇ,

ಸೊಲ್ಲಾಪುರದ 'ಇಂದು ಚಾದರ ಭಂಡಾರ' ಎಂಬ ಅಂಗಡಿಯ ಪರವಾಗಿ, ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನನ್ನ ಅತ್ತೆ ಇಂದುಬಾಯಿಯವರ ಪರವಾಗಿ, ಹಾಗೂ ಅವರ ಸೊಸೆ ರೂಪಾಲಿ ಎಂಬ ನನ್ನ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬೆರಳುಗಳ ಕ್ಷೇಮವನ್ನಂತೂ ವಿಶೇಷವಾಗಿ ಕೇಳಬೇಕು, ಏಕೆಂದರೆ ಈಚೆಗೆ ಅವು ನಮ್ಮಂಥವರಿಗಾಗಿ ಬಹಳ ದುಡಿದಿವೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಕಲಿತದ್ದು ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ. ತಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತಾಡಿದರೂ ಓದುವುದು ಮರಾಠಿಯನ್ನೆಂದು ಬಲ್ಲೆ. ಆದರೆ ಓದದೆಯೇ ಸಿಟ್ಟಾಗುವ ಅಭ್ಯಾಸ ತಮಗೆ ಚೆನ್ನಾಗಿರುವುದರಿಂದ ಅದೊಂದು ದೊಡ್ಡ ಅಡಚಣೆಯಾಗಲಾರದು ಎಂದುಕೊಂಡಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಹೇಳುವೆ. ಧೂಮಗಡ ಎಂಬ ಕೋಟೆ ಕಾಳಗದ ಗೇಮು ಇನ್ನೂ ಮಾರಾಟಕ್ಕೆ ಬರುವ ಮೊದಲೇ ಅದನ್ನು ಆಡಿ ನೋಡಿದ ವಿಮರ್ಶಕರು ತಮ್ಮ ತಮ್ಮ ಅಭಿಪ್ರಾಯ ಬರೆದರು. ಒಬ್ಬರು ಒಂಬತ್ತು ಅಂಕ ಕೊಟ್ಟರು, ಇನ್ನೊಬ್ಬರು ಐದು ಕೊಟ್ಟರು, ಮತ್ತೊಬ್ಬರು ಚಿತ್ರಗಳು ಚಂದ, ಕಥೆ ಪೇಲವ ಎಂದರು. ಹತ್ತು ಜನ ಒಂದೇ ಪಂಕ್ತಿಯಲ್ಲಿ ಉಂಡೆದ್ದು ಸಾರಿನ ಬಗ್ಗೆ ಹತ್ತು ಮಾತು ಹೇಳುತ್ತಾರೆ. ಇದೂ ಹಾಗೆಯೇ ಎಂದು ನಮ್ಮಂಥ ದಡ್ಡರು ತಿಳಿಯುತ್ತೇವೆ. ತಾವು ಹಾಗೆ ತಿಳಿಯಲಿಲ್ಲ. ಅದರಲ್ಲೂ 'ಸೊಲ್ಲಾಪುರಿ ಚಾದರ' ಎಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಬರೆಯುವ ಒಬ್ಬ ವಿಮರ್ಶಕರು, ಕಾಳಗ ಸೊಗಸಾಗಿದೆ, ಕೋಟೆ ಕಣ್ಣಿಗೆ ಹಬ್ಬ, ಆದರೆ ಅರ್ಧದ ನಂತರ ಕಥೆ ಎಳೆದಂತಾಗುತ್ತದೆ ಎಂದು ಬರೆದು ಹತ್ತಕ್ಕೆ ಆರು ಕೊಟ್ಟಾಗ ತಮ್ಮ ಹೃದಯ ಒಡೆಯಿತು. ನಮ್ಮ ಊರಿನವರೇ ಆಗಿ ಹೀಗೆ ಮಾಡಬಹುದೇ ಎಂದು ತಾವು ಆ ದ್ರೋಹಿಯನ್ನು ಹುಡುಕಲು ಹೊರಟಿರಿ. ಮೊಬೈಲಿನ ನಕ್ಷೆಯಲ್ಲಿ ಸೊಲ್ಲಾಪುರಿ ಚಾದರ ಎಂದು ಹುಡುಕಿದಿರಿ. ಸೊಲ್ಲಾಪುರದಲ್ಲಿ ಚಾದರ ಸಿಕ್ಕಿತು. ಈ ಪತ್ತೇದಾರಿಕೆಗೆ ಪೊಲೀಸ್ ಖಾತೆಯೇ ತಲೆಬಾಗಬೇಕು.

ನಾನೂ ಅತ್ತೆಯೂ ನಮ್ಮೂರು ಕುಂಭಾರಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಬಾಗಿಲು ತೆರೆಯುವಷ್ಟರಲ್ಲಿ, ನಕ್ಷೆಯಲ್ಲಿ ನಮ್ಮ ಅಂಗಡಿಯ ಹೆಸರಿನ ಕೆಳಗೆ ಐದಕ್ಕೆ ಒಂದೊಂದೇ ನಕ್ಷತ್ರದ ತೀರ್ಪುಗಳು ಸಾಲುಗಟ್ಟಿದ್ದವು. 'ಎಳೆದಂತೆ ಕಂಡಿತೇ ನಿನಗೆ?' ಎಂದು ಒಬ್ಬರು. 'ನಿನಗೆ ಆಳವೇ ಅರ್ಥವಾಗುವುದಿಲ್ಲ' ಎಂದು ಇನ್ನೊಬ್ಬರು. ಮರಾಠಿಯಲ್ಲಿದ್ದ ಅವನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅತ್ತೆ ಗಾಬರಿಯಾಗಿ, "ಯಾವ ಚಾದರಿನ ಎಳಿ ಎದ್ದದ ನೋಡವ್ವ, ವಾಪಸ್ ತರ್ರಿ ಅಂತ ಬರಿ," ಎಂದರು. ನಾನು ಹಾಗೆಯೇ ಬರೆದೆ. ಅದಕ್ಕೆ ಉತ್ತರವಾಗಿ ನಮ್ಮ ವಂಶದ ಬಗ್ಗೆ ತಾವು ಬರೆದದ್ದನ್ನು ಮಾತ್ರ ನಾನು ಅತ್ತೆಗೆ ಓದಿ ಹೇಳಲಿಲ್ಲ.

ಆಮೇಲೆ ದೂರವಾಣಿ ಕರೆಗಳು ಬಂದವು. ಅವುಗಳಲ್ಲಿ ಒಂದು ಈಗ ತಮ್ಮ ಬಳಗದ ಇತಿಹಾಸದಲ್ಲಿ ಸೇರಿಹೋಗಿದೆ. ನಾನು ಗಿರಾಕಿಗೆ ಟವೆಲು ಬಿಡಿಸಿ ತೋರಿಸುತ್ತಿದ್ದೆ, ಅತ್ತೆ ಫೋನು ಎತ್ತಿದರು. ಆ ಕಡೆಯ ತರುಣ ನೇರವಾಗಿ, "ಆರು ಯಾಕ ಕೊಟ್ರಿ?" ಎಂದು ಕೇಳಿದ.

"ಎಷ್ಟ ಬೇಕಾಗಿದ್ದೂ ನಿಮಗ?" ಎಂದರು ಅತ್ತೆ.

"ಹತ್ತು ಕೊಡಬೇಕಾಗಿತ್ತು."

"ಹಂಗಿದ್ರ ತಪ್ಪ ನಮ್ಮದ ಆಗ್ಯದ ಬಿಡ್ರಿ. ಹತ್ತ ಅಂದ್ರ ಹತ್ತ ಕೊಡ್ತೀವಿ. ಬರ್ರಿ, ಉಳದ ನಾಕೂ ಒಯ್ರಿ."

ಆ ತರುಣ ಥ್ಯಾಂಕ್ಯೂ ಹೇಳಿ ಫೋನಿಟ್ಟ. ಉಳಿದ ನಾಲ್ಕು ಚಾದರಗಳನ್ನು ಅತ್ತೆ ಮಡಿಚಿ ಕಟ್ಟಿ ಪಕ್ಕಕ್ಕಿಟ್ಟುಕೊಂಡು ಕಾದರು. ಯಾರೂ ಬರಲಿಲ್ಲ. ಬಂದದ್ದು ಆ ಸಂಭಾಷಣೆಯ ಧ್ವನಿಮುದ್ರಣ. 'ಚಾದರ ಸೋತಿತು, ಹತ್ತಕ್ಕೆ ಹತ್ತು ಒಪ್ಪಿತು' ಎಂಬ ತಲೆಬರಹ ಹೊತ್ತು ಅದು ಸಾವಿರಾರು ಜನರ ಕಿವಿಗೆ ಬಿತ್ತು. ಧೂಮಗಡವನ್ನು ಕಂಡರಾಗದ ಇನ್ನೊಂದು ಬಳಗವೂ ಇದೆಯೆಂಬುದು ನಮಗೆ ಗೊತ್ತಾದದ್ದೇ ಆಗ. ಚಾದರ ತನ್ನನ್ನು ಗೇಮಿನ ಕಂಪನಿಗೆ ಮಾರಿಕೊಂಡಿದೆ, ಬೆನ್ನೆಲುಬಿಲ್ಲದ ಚಾದರ, ಎಂದು ಅವರೂ ಬಂದು ಒಂದೊಂದು ನಕ್ಷತ್ರ ಕೊಟ್ಟು ಹೋದರು. ಚಾದರಕ್ಕೆ ಬೆನ್ನೆಲುಬು ಇರಬಾರದು, ಇದ್ದರೆ ಹೊದ್ದುಕೊಳ್ಳಲಾಗದು ಎಂದು ಹೇಳೋಣವೆಂದರೆ ಅಲ್ಲಿ ಕೇಳುವವರು ಯಾರು?

ಮಾನ್ಯರೇ, ಇಲ್ಲಿಯವರೆಗೆ ನಾನೂ ನಕ್ಕಿದ್ದೇನೆ. ಇನ್ನು ಮುಂದಿನದಕ್ಕೆ ನಗು ಬರಲಿಲ್ಲ.

ಅಕ್ಕಲಕೋಟದಲ್ಲಿ ಯಾತ್ರಿಕರಿಗಾಗಿ ಲಾಡ್ಜು ನಡೆಸುವ ಸಾತಲಿಂಗಪ್ಪನವರು ನಮ್ಮ ಮಾವನ ಕಾಲದಿಂದಲೂ ನಮ್ಮಲ್ಲೇ ಚಾದರ, ಟವೆಲು ಒಯ್ಯುವವರು. ಅವರು ಫೋನು ಮಾಡಿ ಬಹಳ ಸಂಕೋಚದಿಂದ, "ನನ್ನ ಮ್ಯಾಲ ಸಿಟ್ಟ ಆಗಬ್ಯಾಡವಾ ರೂಪಾಲಿ. ನಮ್ಮ ಮಗಾ ಮೊಬೈಲ್‌ನಾಗ ನೋಡ್ಯಾನ. ಮಂದಿ ನಿಮ್ಮ ಮಾಲಿಗೆ ಭಾಳ ಕೆಟ್ಟ ಬರದಾರ ಅಂತಾನ. ಈ ಸಲ ಅವಾ ಬ್ಯಾರೆ ಕಡೆ ಹೇಳಿಬಿಟ್ಟಾನ," ಎಂದರು. ನಾನು ಎಲ್ಲವನ್ನೂ ವಿವರಿಸಿದೆ. ಗೇಮು, ಕೋಟೆ, ಆರು, ಹತ್ತು. ಅವರು ಸಮಾಧಾನದಿಂದ ಕೇಳಿ, ನನಗೆ ಒಂದಿಷ್ಟು ವಿಶ್ರಾಂತಿ ಬೇಕೆಂದು ಸಲಹೆ ಕೊಟ್ಟರು.

ನಮ್ಮ ಟವೆಲುಗಳ ಅಂಚು ಹೊಲಿಯುವ ಜನಾಬಾಯಿಗೆ ಈ ತಿಂಗಳು ಕೆಲಸವಿಲ್ಲವೆಂದು ಹೇಳಬೇಕಾಗಿ ಬಂತು. ಅತ್ತೆ ಆ ಮಾತು ತಮ್ಮ ಬಾಯಲ್ಲಿ ಬರುವುದಿಲ್ಲವೆಂದರು, ಆದ್ದರಿಂದ ನಾನೇ ಹೇಳಿದೆ. ಜನಾಬಾಯಿ ಬೈಯಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, "ಬೀಡಿ ಕಟ್ಟಾಕ ಕರಿಯಾಕತ್ತಾರ, ಹೋಗ್ತೀನ್ರಿ," ಎಂದರು. ಅವರಿಗೆ ಬೀಡಿ ಎಲೆಯ ಧೂಳು ಆಗುವುದಿಲ್ಲ, ಕೆಮ್ಮು ಬರುತ್ತದೆ, ಅದನ್ನು ಬಿಟ್ಟೇ ನಮ್ಮಲ್ಲಿಗೆ ಬಂದವರು. ಒಂದು ಕಾಲ್ಪನಿಕ ಕೋಟೆಯ ಮಾನ ಕಾಯಲು ತಾವು ಹೂಡಿದ ಯುದ್ಧದಲ್ಲಿ ಕೊನೆಗೆ ನೆಲಕ್ಕೆ ಬಿದ್ದವರು ಅವರೊಬ್ಬರೇ. 'ಚಾದರ ಸೋತಿತು' ಎಂಬ ತಮ್ಮ ವಿಜಯಪತ್ರದಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು, ದಯವಿಟ್ಟು ಸೇರಿಸಿಕೊಳ್ಳಬೇಕು.

ಮರುದಿನವೇ ನಾನು ಅಕ್ಕಲಕೋಟಕ್ಕೆ ಬಂದು ತಮ್ಮನ್ನು ಕಂಡದ್ದು ನೆನಪಿರಬಹುದು, ಅಧ್ಯಕ್ಷರೇ. ಪ್ರಸಾದ ಎಂಬ ತಮ್ಮ ಹೆಸರು ಕೇಳಿಕೊಂಡು ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಗೆ ಬಂದೆ. ಕೈಯಲ್ಲಿ ಕತ್ತಿ ಹಿಡಿದವರನ್ನು ನಿರೀಕ್ಷಿಸಿದ್ದೆ. ತಾವು ಒಂದು ಫೋನಿಗೆ ಗಾಜಿನ ಹಾಳೆ ಅಂಟಿಸುತ್ತ, ಗುಳ್ಳೆ ಬಾರದಂತೆ ಉಸಿರು ಬಿಗಿಹಿಡಿದು ಕೂತಿದ್ದಿರಿ. ಸ್ಟೂಲು ಕೊಟ್ಟಿರಿ, ಚಹಾ ತರಿಸಿದಿರಿ. ನಾನು ನಡೆದದ್ದು ಹೇಳಿದ ಮೇಲೆ, "ಅಕ್ಕಾ, ತಪ್ಪ ಆಗ್ಯದ. ಖರೇ ಅಂದ್ರ ನನಗೂ ಕೆಟ್ಟ ಅನಸ್ತು," ಎಂದಿರಿ. ಆ ಮಾತು ನಿಜವೆಂದೇ ನನಗೆ ತೋರಿತು. ಹಾಗಾದರೆ ಬರೆದದ್ದನ್ನು ತೆಗೆಸಿ ಎಂದೆ. "ನಾ ಹೇಳಿದ್ರ ಯಾರ ಕೇಳ್ತಾರ? ಎಲ್ಲಾರೂ ಮನಸಾರೆ ಬರದಾರ," ಎಂದಿರಿ.

ಅಷ್ಟು ಮನಸ್ಸು ಗೆದ್ದ ಗೇಮು ಹೇಗಿದೆ ಎಂದು ನಾನು ಸಹಜವಾಗಿ ಕೇಳಿದೆ.

ತಾವು ಗಾಜನ್ನು ಮತ್ತೊಮ್ಮೆ ಒರೆಸಿದಿರಿ. "ಗೇಮ್ ಮಾರಾಟಕ್ಕ ಬಂದದ, ನಾ ಇನ್ನಾ ಆಡಿಲ್ಲ ಅಕ್ಕಾ. ನಮ್ಮ ಕಂಪ್ಯೂಟರ್ ಹಳೇದು, ಅದರಾಗ ನಡಿಯಂಗಿಲ್ಲ."

"ಬಳಗದಾಗ ಯಾರರೆ ಆಡ್ಯಾರೇನು?"

"ಒಬ್ಬಂವ ಪುಣೇದಾಗ ಆಡ್ಯಾನ," ಎಂದಿರಿ. "ಅವಂಗ ಅಷ್ಟೇನ ಸೇರಿಲ್ಲ. ಅವನ್ನ ಗ್ರೂಪಿನಿಂದ ತಗದೀವಿ."

ಮಾನ್ಯರೇ, ಇಂಥ ಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದೇವರನ್ನು ಕಾಣದೆ ನಂಬುವವರಿದ್ದಾರೆ. ಆದರೆ ಗುಡಿಗೆ ಹೋಗಿ ಬಂದವನನ್ನು ಊರಿಂದಲೇ ಹೊರಗೆ ಹಾಕುವ ಮಟ್ಟ ಮುಟ್ಟಲು ತಮ್ಮಂಥ ಸಾಧಕರೇ ಬೇಕು. ತಾವು ನನ್ನ ಮುಂದೆಯೇ ಒಂದು ಪ್ರಕಟಣೆ ಹೊರಡಿಸಿದಿರಿ: ಇಂದು ಚಾದರ ಭಂಡಾರದವರು ನಿರಪರಾಧಿಗಳು, ನಿಜವಾದ ಚಾದರ ಬೇರೆ ಇದೆ, ಎಂದು. ನಾನು ಕೈಮುಗಿದು ಬಂದೆ. ಬಸ್ಸು ಸೊಲ್ಲಾಪುರ ಮುಟ್ಟುವುದರೊಳಗೆ ತಮ್ಮ ಸೈನಿಕರು ಆ ನಿಜವಾದ ಚಾದರವನ್ನು ನಮ್ಮ ಓಣಿಯ ಉಳಿದೆಲ್ಲ ಅಂಗಡಿಗಳಲ್ಲೂ ಹುಡುಕಿ, ಒಂದೊಂದು ನಕ್ಷತ್ರ ಕೊಟ್ಟು ಮುಗಿಸಿದ್ದರು. ಎದುರಿನ ಅಂಗಡಿಯವರು ಅಂದಿನಿಂದ ನಮ್ಮ ಅತ್ತೆಯೊಡನೆ ಮಾತು ಬಿಟ್ಟಿದ್ದಾರೆ. ತಮ್ಮ ಸೈನಿಕರನ್ನು ನಾವೇ ಅವರ ಮೇಲೆ ಛೂ ಬಿಟ್ಟೆವೆಂದು ಅವರ ನಂಬಿಕೆ.

ತಾವು ಹುಡುಕುತ್ತಿದ್ದ ಆ ಚಾದರ ಮುಂದಿನ ವಾರ ತಾನಾಗಿ ನಮ್ಮ ಅಂಗಡಿಗೆ ಬಂತು. ಅವಳ ಹೆಸರು ಕಾಜಲ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಚಪಳಗಾಂವದವಳು, ಕುರಿ ಸಾಕುವ ಮನೆಯ ಹುಡುಗಿ, ಸೊಲ್ಲಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಣ್ಣವಳಿದ್ದಾಗ ಹೊದ್ದು ಮಲಗುತ್ತಿದ್ದ ಚಾದರದ ಹೆಸರನ್ನೇ ಬರೆಯಲು ಇಟ್ಟುಕೊಂಡಿದ್ದಳಂತೆ. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ನೋಡುತ್ತ, ತನ್ನಿಂದ ನಮಗೆ ಹೀಗಾಯಿತೆಂದು ಕ್ಷಮೆ ಕೇಳಿದಳು. ಇಡೀ ಘಟನೆಯಲ್ಲಿ ತಾನಾಗಿ ಬಂದು ಕ್ಷಮೆ ಕೇಳಿದವಳು ತಪ್ಪೇ ಮಾಡದ ಆ ಒಬ್ಬಳೇ.

ಅತ್ತೆ ಅವಳನ್ನು ಒಳಗೆ ಕರೆದು ಕೂರಿಸಿ, "ಅಂಥಾದ್ದೇನ ಬರದಿದ್ದಿ ತಂಗಿ? ಓದಿ ಹೇಳು," ಎಂದರು.

ಅವಳು ಮರಾಠಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಕೋಟೆಯ ಮೇಲೆ ಮಂಜು ಇಳಿಯುವುದು, ಒಬ್ಬ ಕಾವಲುಗಾರ ತನ್ನ ತಂಗಿಗೆ ಕಾಯುವುದು, ಆಮೇಲೆ ಕಥೆ ದಾರಿ ತಪ್ಪಿ ಬರೀ ಹೊಡೆದಾಟವೇ ಉಳಿಯುವುದು. ಗಿರಾಕಿಯೊಬ್ಬರು ಬಂದರೂ ಅತ್ತೆ ಕೈಸನ್ನೆಯಿಂದ ನಿಲ್ಲಿಸಿ ಪೂರ್ತಿ ಕೇಳಿದರು.

"ಚಂದ ಅದ ಅಂತನೂ ಬರದೀಯಲ್ಲ?"

"ಹೌದ್ರಿ ಆಯಿ. ನನಗ ಆ ಗೇಮ್ ಭಾಳ ಸೇರಿತ್ತು. ಅದಕ್ಕ ಮುಂದ ಕಥಿ ಕೆಟ್ಟಿದ್ದು ನೋಡಿ ಸಂಕಟ ಆತು." ಅವಳು ಫೋನು ಮಡಿಲಲ್ಲಿಟ್ಟುಕೊಂಡಳು. "ಈಗ ಎಲ್ಲಾ ಅಳಸಿ ಬಿಡ್ತೀನ್ರಿ. ಹೆಸರೂ ತಗೀತೀನಿ. ಮನ್ಯಾಗೂ ಬೈಯಾಕತ್ತಾರ, ಯಾಕ ಬೇಕು ಅಂತ."

ಅತ್ತೆ ಅವಳ ಫೋನಿನ ಮೇಲೆ ಕೈಯಿಟ್ಟರು. "ಅಳಸಿದ್ರ ಆ ಗೇಮಿನವರು ಹೋಗಿದ್ದ ಗಿರಾಕಿನ ತಂದು ಕೊಡ್ತಾರೇನು? ಜನಾಬಾಯಿ ವಾಪಸ್ ಬರ್ತಾಳೇನು?" ಎಂದರು. "ನಮ್ಮ ಲುಕ್ಸಾನ ಅಂತೂ ಆತು. ನಿಂದೂ ಯಾಕ ಮಾಡ್ಕೋತಿ? ಆಡಿ ನೋಡಿ ಆರು ಅಂದೀ, ಆರ ಇರ್ಲಿ. ಚಾದರ ಅನ್ನೂ ಹೆಸರನೂ ಇರ್ಲಿ. ಯಾರರೆ ಕೇಳಿದ್ರ ನಮ್ಮ ಅಂಗಡಿಯಾಕಿ ಅನ್ನು."

ಕಾಜಲ ತಲೆ ತಗ್ಗಿಸಿ ಅತ್ತಳು. ನಾನು ಅಳಲಿಲ್ಲ, ನಾನು ಈ ಪತ್ರ ಬರೆಯುವುದೆಂದು ಆಗಲೇ ತೀರ್ಮಾನಿಸಿದೆ. ಅವಳ ಬರಹ ಇಂದಿಗೂ ಅಲ್ಲೇ ಇದೆ, ಅದೇ ಹೆಸರಿನಲ್ಲಿ, ಅದೇ ಆರು ಅಂಕಗಳೊಂದಿಗೆ. ತಮಗೆ ಬೇಸರವಾಗುವುದಾದರೆ ಆಗಲಿ.

ಆದ್ದರಿಂದ ತಮ್ಮಲ್ಲಿ ನಮ್ರ ವಿನಂತಿ. ತಮ್ಮ ಸರ್ವ ಸದಸ್ಯರೂ ಒಮ್ಮೆ ನಮ್ಮ ಅಂಗಡಿಗೆ ದಯಮಾಡಿಸಬೇಕು, ಒಂದೊಂದು ಚಾದರ ಹೊದ್ದು ಇಲ್ಲೇ ಮಲಗಬೇಕು, ಎದ್ದ ಮೇಲೆ ನೂಲಿನ ಬಗ್ಗೆ, ಬಣ್ಣದ ಬಗ್ಗೆ ಬೇಕಾದಷ್ಟು ಬೈದು ಬರೆಯಬೇಕು. ಮುಟ್ಟಿ ನೋಡಿದವರ ಬೈಗುಳ ಕೇಳುವ ಆಸೆ ನಮಗಿದೆ. ಹಾಗೆಯೇ ಯಾರಾದರೂ ಒಬ್ಬರು ಜನಾಬಾಯಿಯ ಮನೆಗೆ ಹೋಗಿ, ಧೂಮಗಡಕ್ಕೆ ಹತ್ತಕ್ಕೆ ಹತ್ತು ಏಕೆ ಸಲ್ಲಬೇಕಿತ್ತೆಂದು ಆ ತಾಯಿಗೆ ಮನವರಿಕೆ ಮಾಡಿಕೊಡಬೇಕು. ಕೆಮ್ಮು ನಿಂತಾಗಲೆಲ್ಲ ಅವರು ಕೇಳಿಸಿಕೊಳ್ಳುತ್ತಾರೆ.

ಇಂತು ತಮ್ಮ ಒಂದು ನಕ್ಷತ್ರದ ಬೆಳಕಿನಲ್ಲಿಯೇ ಅಂಗಡಿ ನಡೆಸುತ್ತಿರುವ,
ತಮ್ಮ ವಿಶ್ವಾಸಿ,
ರೂಪಾಲಿ
ಇಂದು ಚಾದರ ಭಂಡಾರ, ಸೊಲ್ಲಾಪುರ

ತಾಜಾ ಕಲಂ: ಧೂಮಗಡದ ಮುಂದಿನ ಭಾಗ ತಯಾರಾಗುತ್ತಿದೆಯೆಂದು ಕಂಪನಿ ನಿನ್ನೆ ಘೋಷಿಸಿತಂತೆ. ಅದು ಬರಲು ಇನ್ನೂ ಕೆಲವು ವರ್ಷಗಳಿವೆ, ಯಾವ ವಿಮರ್ಶಕರೂ ಒಂದಕ್ಷರ ಬರೆದಿಲ್ಲ. ಆದರೂ ತಮ್ಮ ಬಳಗದ ಸದಸ್ಯರೊಬ್ಬರು ಇಂದು ಬೆಳಿಗ್ಗೆಯೇ ನಮಗೆ ಮುಂಗಡವಾಗಿ ಒಂದು ನಕ್ಷತ್ರ ಕೊಟ್ಟಿದ್ದಾರೆ. ತಲುಪಿದೆಯೆಂದು ಅವರಿಗೆ ದಯವಿಟ್ಟು ತಿಳಿಸಬೇಕು.