ಥ್ಯಾಂಕ್ಸ್ ಅಂದರೆ ಮುನಿಯುವ ಭಾವ

ನಮ್ಮ ಭಾವನನ್ನು ನೀವು ಬೈಯಬಹುದು, ಅವರ ಕಾರಿಗೆ ಹಿಂದಿನಿಂದ ಗುದ್ದಬಹುದು, ಅವರ ದೇಶದ ಫುಟ್‌ಬಾಲ್ ತಂಡ ಸೋತ ದಿನ ಅವರ ಮನೆ ಮುಂದೆ ಪಟಾಕಿ ಕೂಡ ಹೊಡೆಯಬಹುದು (ಕೊನೆಯದನ್ನು ನಾನು ಪರೀಕ್ಷೆ ಮಾಡಿ ನೋಡಿಲ್ಲ). ಆದರೆ ಅವರು ಕುಡಿಯಲು ಕೊಟ್ಟದ್ದನ್ನು ಕುಡಿದು ಥ್ಯಾಂಕ್ಸ್ ಮಾತ್ರ ಹೇಳಬೇಡಿ. ಮುಖ ಸಣ್ಣಗಾಗಿಬಿಡುತ್ತದೆ. ಬಾಗಿಲು ಹಿಡಿದವರಿಗೆ, ಬಸ್ಸು ಓಡಿಸಿದವರಿಗೆ, ಕೊನೆಗೆ ದಂಡ ಹಾಕಿದ ಪೊಲೀಸಿಗೂ ಥ್ಯಾಂಕ್ಯೂ ಹೇಳುವ ಈ ದೇಶದಲ್ಲಿ ಇಂಥ ಮನುಷ್ಯ ಇಪ್ಪತ್ತು ವರ್ಷ ಹೇಗೆ ಬದುಕಿದರೋ, ದೇವರೇ ಬಲ್ಲ!

ಭಾವ ಅರ್ಜೆಂಟೀನಾದವರು. ನನ್ನ ಅಕ್ಕನ ಗಂಡ. ಮೈಸೂರಿನ ಒಂಟಿಕೊಪ್ಪಲಿನ ಹುಡುಗಿಗೂ ಪರಾನಾ ಎಂಬ ದೊಡ್ಡ ನದಿಯ ದಡದಲ್ಲಿ ಬೆಳೆದ ಹುಡುಗನಿಗೂ ಭೇಟಿಯಾದದ್ದು ನ್ಯೂಜೆರ್ಸಿಯ ರೈಲಿನಲ್ಲಿ. ಮ್ಯಾನ್‌ಹಟನ್ನಿನ ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುವುದು ಭಾವನ ಕೆಲಸ. ಎದುರಿನ ಸೀಟಿನಲ್ಲಿ ಕೂತು ಆಕಳಿಸುತ್ತಿದ್ದ ಅಕ್ಕನಿಗೆ ಅವರು ಹೇಳಿದ ಮೊದಲ ಮಾತು, "ನಿಮ್ಮ ಮೇಲಿನ ಎಡಗಡೆ ಕೋರೆಹಲ್ಲು ಸ್ವಲ್ಪ ಓರೆ ಇದೆ. ದಯವಿಟ್ಟು ಯಾರಿಗೂ ಮುಟ್ಟಲು ಬಿಡಬೇಡಿ." ಇಷ್ಟಕ್ಕೇ ಮರುಳಾದವಳು ನನ್ನ ಅಕ್ಕ!

ಅಕ್ಕ ಈಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿ ನಿಮ್ಮನ್ನು ಅಳಿಸುವ ಚಾಲಾಕಿತನ ನನಗೆ ಬೇಡ. ಎಂಟು ತಿಂಗಳು ಕಾಯಿಲೆಯ ಜೊತೆ ಗುದ್ದಾಡಿ ಒಂದೂವರೆ ವರ್ಷದ ಹಿಂದೆ ಹೋದಳು. ಮಕ್ಕಳಿರಲಿಲ್ಲ. ಈಗ ಮೆಟುಚೆನ್ನಿನ ಅವರ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿದೆ. ಭಾವ ತಮ್ಮ ಊರಿಗೆ ಹೊರಟಿದ್ದಾರೆ. ಇರಿ ಎನ್ನಲು ನಾನು ಯಾರು? ಅಕ್ಕನಿಂದ ತಾನೇ ಭಾವ? ಅಕ್ಕನೇ ಇಲ್ಲದ ಮೇಲೆ ಅವರು ನನಗೆ ಏನಾಗಬೇಕು? ಎರಡು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಅರೆಯುತ್ತಿದೆ.

ಇರಲಿ, ಥ್ಯಾಂಕ್ಸಿನ ವಿಷಯಕ್ಕೆ ಬರುತ್ತೇನೆ. ಅವರ ಮದುವೆಗೆ ಮುಂಚೆ ಅಕ್ಕ ನನ್ನನ್ನೂ ನನ್ನ ಗಂಡನನ್ನೂ ಒಂದು ಮಧ್ಯಾಹ್ನ ಮನೆಗೆ ಕರೆದಿದ್ದಳು. ಹುಡುಗನನ್ನು ನೋಡಿ ಅಮ್ಮನಿಗೆ ವರದಿ ಒಪ್ಪಿಸುವ ಗುರುತರ ಜವಾಬ್ದಾರಿ ನನ್ನದು. ಭಾವ ಒಂದು ಸಣ್ಣ ಸೋರೆಬುರುಡೆ ತಂದರು. ಅದರ ತುಂಬಾ ಒಣಗಿದ ಹಸಿರು ಸೊಪ್ಪಿನ ಪುಡಿ, ಅದರೊಳಗೆ ಒಂದು ಲೋಹದ ಕೊಳವೆ. ಫ್ಲಾಸ್ಕಿನಿಂದ ಬಿಸಿನೀರು ಹಾಕಿ, ಮೊದಲನೆಯದನ್ನು ತಾವೇ ಕುಡಿದರು. ಇದೆಂಥ ಮರ್ಯಾದೆ, ಅತಿಥಿಗಳಿಗಿಂತ ಮುಂಚೆ ತಾನೇ ಕುಡಿಯುವುದು? ಮತ್ತೆ ನೀರು ಹಾಕಿ ಅದೇ ಬುರುಡೆಯನ್ನು, ಅದೇ ಕೊಳವೆಯನ್ನು ಅಕ್ಕನಿಗೆ ಕೊಟ್ಟರು. ಅವಳು ಕುಡಿದಳು. ಮತ್ತೆ ನೀರು ಹಾಕಿ ನನ್ನ ಮುಂದೆ ಹಿಡಿದರು. (ಆ ಪಾನೀಯದ ಹೆಸರನ್ನು ಕನ್ನಡದಲ್ಲಿ ಬರೆದರೆ ನೀವು ತಾಯಿ ಎಂದು ಓದಿಕೊಂಡು ಕೈಮುಗಿಯುತ್ತೀರಿ. ಆದ್ದರಿಂದ ಕಷಾಯ ಎನ್ನುತ್ತೇನೆ.)

ಎಂಜಲು! ನಾವು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಯವರು. ಕೊಳವೆಯನ್ನು ಎತ್ತಿ ಕುಡಿಯುವುದು ಹೇಗೆ, ನೀವೇ ಹೇಳಿ! ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ಕಣ್ಣು ಮುಚ್ಚಿಕೊಂಡು ಹೀರಿದೆ. ಬೇವಿನ ಸೊಪ್ಪಿಗೆ ಒಣಹುಲ್ಲು ಬೆರೆಸಿ ಕಾಸಿದ ಹಾಗಿತ್ತು. ಸಕ್ಕರೆ ತಳದಲ್ಲಿರಬಹುದೆಂಬ ಆಸೆಯಿಂದ ಕೊಳವೆಯಲ್ಲಿ ಎರಡು ಸುತ್ತು ಕಲಕಿದೆ. ಭಾವ ಎದೆ ಮುಟ್ಟಿಕೊಂಡರು. ಕಲಕಬಾರದಂತೆ. ತಪ್ಪು ಮುಚ್ಚಿಕೊಳ್ಳಲು ನನಗೆ ಗೊತ್ತಿದ್ದ ಅಮೆರಿಕನ್ ಸಭ್ಯತೆಯನ್ನೆಲ್ಲ ಧ್ವನಿಗೆ ತಂದುಕೊಂಡು, "ಥ್ಯಾಂಕ್ ಯೂ ಸೋ ಮಚ್!" ಅಂದೆ.

ಮುಗಿಯಿತು. ಬುರುಡೆ ಆಮೇಲೆ ನಾಲ್ಕು ಸುತ್ತು ಬಂತು, ನನ್ನ ಹತ್ತಿರ ಮಾತ್ರ ಸುಳಿಯಲಿಲ್ಲ. ಜನ್ಮದಲ್ಲಿ ಯಾರಿಗೂ ಥ್ಯಾಂಕ್ಸ್ ಹೇಳಿ ಗೊತ್ತಿಲ್ಲದ ನಮ್ಮವರಿಗೆ ನಾಲ್ಕೂ ಸಲ ಸಿಕ್ಕಿತು. ಪಾಪ, ಎಡಿಸನ್ನಿಗೆ ವಾಪಸ್ ಬರುವ ದಾರಿಯುದ್ದಕ್ಕೂ ನಾಲಿಗೆಯನ್ನು ಟಿಶ್ಯೂವಿನಿಂದ ಒರೆಸಿಕೊಂಡರು. ನಾನು ಮಾತ್ರ ಉರಿದುಹೋಗಿದ್ದೆ. ಮರುದಿನ ಅಕ್ಕನಿಗೆ ಫೋನ್ ಮಾಡಿ, "ನಿನ್ನ ಹುಡುಗ ನನ್ನನ್ನು ಪಂಕ್ತಿಯಿಂದ ಎಬ್ಬಿಸಿಬಿಟ್ಟ" ಅಂದೆ.

ಅಕ್ಕ ನಕ್ಕೂ ನಕ್ಕೂ ಸುಸ್ತಾದಳು. "ಅಲ್ಲ ಕಣೇ, ಅವರ ಕಡೆ ಥ್ಯಾಂಕ್ಸ್ ಅಂದ್ರೆ ನನಗೆ ಸಾಕು, ನಾನಿನ್ನು ಎದ್ದೆ ಅಂತ. ಹೇಳೋವರೆಗೂ ಸುತ್ತು ಬರ್ತಾನೇ ಇರುತ್ತೆ. ಮೊದಲನೇದು ತುಂಬಾ ಕಹಿ, ಅದಕ್ಕೇ ಹಾಕಿಕೊಡೋರು ತಾವೇ ಕುಡೀತಾರೆ. ಅವರು ನಿನ್ನನ್ನ ಎಬ್ಬಿಸಲಿಲ್ಲ, ನೀನೇ ಎದ್ದು ಹೋದೆ. ರಾತ್ರಿಯೆಲ್ಲಾ ಕೇಳ್ತಿದ್ರು, ನಿನ್ನ ತಂಗಿಗೆ ನಾನು ಯಾಕೆ ಇಷ್ಟ ಆಗಲಿಲ್ಲ ಅಂತ."

ಆವತ್ತಿನಿಂದ ನಾನು ಭಾವನಿಗೆ ಥ್ಯಾಂಕ್ಸ್ ಹೇಳಿಲ್ಲ. ಅಕ್ಕನ ಆಸ್ಪತ್ರೆಯ ದಿನಗಳಲ್ಲೂ ಹೇಳಿಲ್ಲ. ಹೇಳಬೇಕಾದ ಸಂದರ್ಭಗಳು ಬೇಕಾದಷ್ಟಿದ್ದವು.

ಈ ಬುರುಡೆ ಅವರ ಜೊತೆ ರೈಲಿನಲ್ಲೂ ಓಡಾಡುತ್ತಿತ್ತು. ಒಮ್ಮೆ ಸೀಕಾಕಸ್ಸಿನಲ್ಲಿ ರೈಲು ಬದಲಿಸಲು ಕಾಯುವಾಗ ಬೆಂಚಿನ ಮೇಲೆ ಕೂತು ಕೊಳವೆ ಬಾಯಿಗಿಟ್ಟುಕೊಂಡಿದ್ದಾರೆ. ಹಸಿರು ಸೊಪ್ಪು, ಲೋಹದ ಕೊಳವೆ, ಅರ್ಧ ಮುಚ್ಚಿದ ಕಣ್ಣು! ಪೊಲೀಸಪ್ಪ ಬಂದು ಇದೇನು ಅಂತ ಕೇಳಿದ. ಭಾವ ಸರಿದು ಜಾಗ ಮಾಡಿಕೊಟ್ಟು, ಹೊಸ ನೀರು ಹಾಕಿ, "ಕೂತ್ಕೊಳ್ಳಿ, ತಗೊಳ್ಳಿ" ಅಂದರು. ಅವನು ಮೂಸಿ ನೋಡಿ, "ನೋ, ಥ್ಯಾಂಕ್ಯೂ" ಅಂದು ಹೋದ. ಅನುಮಾನಪಟ್ಟು ವಿಚಾರಿಸಿದ್ದಕ್ಕೆ ಭಾವನಿಗೆ ಬೇಜಾರಿಲ್ಲ. "ಕುಡಿಯೋ ಮುಂಚೇನೇ ಥ್ಯಾಂಕ್ಸ್ ಹೇಳಿಬಿಟ್ಟನಲ್ಲ!" ಅಂತ ವಾರವಿಡೀ ಕೊರಗಿದರು.

ಇನ್ನು ಅವರ ನಿದ್ದೆ. ಶನಿವಾರ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊಡೆಯಿತೆಂದರೆ ಎಲ್ಲಿದ್ದರಲ್ಲೇ ಮಲಗಬೇಕು. ನಮ್ಮ ಗೃಹಪ್ರವೇಶದ ದಿನ ಸತ್ಯನಾರಾಯಣ ಕಥೆಯ ಮೂರನೇ ಅಧ್ಯಾಯಕ್ಕೆ ಸರಿಯಾಗಿ ಎರಡಾಯಿತು. ಗೊರಕೆ ಕೇಳಿ ಪುರೋಹಿತರು ಧ್ವನಿ ಏರಿಸಿದರು, ಭಾವನೂ ಏರಿಸಿದರು. ಯಾಕೆ ಹೀಗೆ ಎಂದರೆ ಅವರ ಬಾಲ್ಯದ ಕಥೆ ಹೊರಬರುತ್ತದೆ. ಅವರ ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ ನಾಯಿ ಕೂಡ ಬೀದಿಗಿಳಿಯುವುದಿಲ್ಲವಂತೆ. ಎಲ್ಲ ಕಿಟಕಿ ಮುಚ್ಚಿ ಊರಿಗೆ ಊರೇ ಮಲಗುತ್ತದೆ. ಮಕ್ಕಳು ಕದ್ದು ನದಿಗೆ ಹೋಗದಿರಲಿ ಅಂತ ಅಜ್ಜಿ ಒಂದು ಭೂತದ ಕಥೆ ಕಟ್ಟಿದ್ದಳು. ಮಲಗದ ಮಕ್ಕಳನ್ನು ಅದು ಹಿಡಿದುಕೊಂಡು ಹೋಗುತ್ತದೆ.

"ನಮ್ಮ ಕಡೆ ಗುಮ್ಮ ರಾತ್ರಿ ಬರುತ್ತೆ ಭಾವ" ಅಂದೆ.

"ಕತ್ತಲಲ್ಲಿ ಎಲ್ಲರೂ ಹೆದರ್ತಾರೆ, ಅದರಲ್ಲೇನಿದೆ?" ಅಂದರು. "ನಮ್ಮದು ಒಳ್ಳೇ ಬಿಸಿಲಲ್ಲಿ ಬರುತ್ತೆ. ಕದ್ದು ಹೋದ ದಿನ ನಾನು ನದಿ ದಡದಲ್ಲಿ ಒಬ್ಬನೇ ಇದ್ದೆ. ಭೂತ ಬರಲಿಲ್ಲ. ಯಾರೂ ಬರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯ್ತು. ಮನೆಗೆ ಓಡಿ ಬಂದು ಅಜ್ಜಿ ಪಕ್ಕ ಮಲಗಿಬಿಟ್ಟೆ."

ಅಮ್ಮನಿಗೆ ಈ ಅಳಿಯ ಒಗ್ಗಿದ್ದು ಮಾತ್ರ ಹಲ್ಲಿನಿಂದ. ದನ ತಿನ್ನುವ ದೇಶದವನೆಂದು ಒಂದು ವರ್ಷ ಅಕ್ಕನ ಹತ್ತಿರ ಮಾತು ಬಿಟ್ಟಿದ್ದ ಅಮ್ಮ, ಕೊನೆಗೆ ಮನಸ್ಸು ತಡೆಯದೆ ಇಲ್ಲಿಗೆ ಬಂದಳು. ವಿಮಾನ ನಿಲ್ದಾಣದಲ್ಲಿ ಅತ್ತೆಯ ಕಾಲಿಗೆ ಬೀಳಬೇಕೆಂದು ಅಕ್ಕ ಭಾವನಿಗೆ ಮೂರು ದಿನ ಅಭ್ಯಾಸ ಮಾಡಿಸಿದ್ದಳು. ಅವರು ಕಾಲನ್ನು ನೋಡಲೇ ಇಲ್ಲ, ಬಾಯನ್ನೇ ನೋಡುತ್ತಾ ನಿಂತರು. "ಇವರ ಕೆಳಗಿನ ಸೆಟ್ಟು ಅಲ್ಲಾಡ್ತಾ ಇದೆ!" ಹದಿನೈದು ದಿನದಲ್ಲಿ ಹೊಸ ಹಲ್ಲು ತಯಾರಾಯಿತು. ಏಳು ವರ್ಷದಿಂದ ಬಿಟ್ಟಿದ್ದ ಕೋಡುಬಳೆಯನ್ನು ಅಮ್ಮ ಕಟಂ ಅಂತ ಕಡಿದಳು. ಈಗ ಮೈಸೂರಿನಲ್ಲಿ ಅಣ್ಣನ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, "ನನ್ನ ಅಳಿಯನನ್ನ ನಾನು ಬಯ್ಯೋದೂ ಅವನು ಕೊಟ್ಟ ಹಲ್ಲಿನಲ್ಲೇ ಕಣ್ರೀ!"

ಅಕ್ಕನ ಕರ್ಮಾಂತರದ ದಿನ ಪುರೋಹಿತರು ಗೋತ್ರ ಕೇಳಿದರು. ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರ ಹೇಳಬೇಕು. ಭಾವನಿಗೆ ಎಲ್ಲಿಯ ಗೋತ್ರ? ಪಂಚೆಯ ಮೇಲೆ ಪ್ಯಾಂಟಿನ ಬೆಲ್ಟು ಬಿಗಿದುಕೊಂಡು ಕೂತಿದ್ದ ಅವರಿಗೆ, "ನಿಮ್ಮ ಮೂಲ ಯಾವುದು ಅಂತ ಕೇಳ್ತಿದ್ದಾರೆ" ಅಂದೆ. ಅವರು ಸ್ವಲ್ಪ ಯೋಚಿಸಿ, "ಪರಾನಾ" ಅಂದರು. ಪುರೋಹಿತರು ನನ್ನ ಮುಖ ನೋಡಿದರು. "ಅದು ಅವರೂರಿನ ನದಿ" ಅಂದೆ. "ನದಿಮೂಲ, ಋಷಿಮೂಲ ಕೇಳಬಾರದು ಅಂತಾರೆ. ನಾನು ಕೇಳಿದ್ದೇ ತಪ್ಪಾಯ್ತು" ಅಂದರು ಅವರು. ಫೋನಿನ ಪರದೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮ, "ಅದನ್ನೇ ಹೇಳಿ ಸ್ವಾಮಿ" ಅಂದಳು. ಹಾಗೆ ನನ್ನ ಅಕ್ಕ ಪರಾನಾ ಗೋತ್ರದವಳಾಗಿ ಹೋದಳು.

ಆಮೇಲಿನಿಂದ ಭಾವ ಪ್ರತಿ ಭಾನುವಾರ ಎಡಿಸನ್ನಿನ ನಮ್ಮ ಮನೆಗೆ ಫ್ಲಾಸ್ಕು, ಬುರುಡೆ ಹಿಡಿದು ಬರುತ್ತಾರೆ. ಎಲ್ಲರೂ ಸುತ್ತಲೂ ಕೂರುತ್ತೇವೆ. ಅಕ್ಕನ ಸರದಿ ಬಂದಾಗ ನೀರು ಹಾಕಿ ಖಾಲಿ ಕುರ್ಚಿಯ ಮುಂದೆ ಇಡುತ್ತಾರೆ. ಅವಳು ಕುಡಿಯಲು ಎಷ್ಟು ಹೊತ್ತಾಗುತ್ತಿತ್ತೋ ಅಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ತಾವೇ ಕುಡಿಯುತ್ತಾರೆ.

ಹೋದ ವರ್ಷ ಹನ್ನೊಂದರ ನನ್ನ ಮಗಳಿಗೆ ಹಲ್ಲಿಗೆ ತಂತಿ ಹಾಕಿಸಬೇಕೆಂದು ಡಾಕ್ಟರು ಹೇಳಿದಾಗ ಭಾವ ಜಗಳಕ್ಕೇ ನಿಂತರು. ನೆಟ್ಟಗಿನ ಹಲ್ಲು ಮಾಡಿಯೇ ಅನ್ನ ತಿನ್ನುವ ಮನುಷ್ಯ! "ಉಳಿದದ್ದೆಲ್ಲಾ ಸರಿ ಮಾಡಿಸು. ಮೇಲಿನ ಎಡಗಡೇದು ಮುಟ್ಟಿಸಬೇಡ." ನಾನು ಮಗಳ ಬಾಯಿ ತೆರೆಸಿ ನೋಡಿದೆ. ಹೆತ್ತವಳಿಗೆ ಅಲ್ಲಿಯವರೆಗೆ ಅದು ಕಂಡಿರಲಿಲ್ಲ, ನೋಡಿ! ಅಕ್ಕನ ಕೋರೆಹಲ್ಲು, ಅದೇ ಓರೆ. ತಂತಿ ಹಾಕಿಸಲಿಲ್ಲ.

ಮೊನ್ನೆ ಭಾನುವಾರ ಭಾವ ಬಂದಾಗ ನಮ್ಮವರು ಊರಲ್ಲಿರಲಿಲ್ಲ. ನಾನು, ಮಗಳು ಇಬ್ಬರೇ. ಮಧ್ಯಾಹ್ನ ಮೂರಕ್ಕೆ ಮನೆ ಮಾರಾಟದ ಕಾಗದಕ್ಕೆ ಸಹಿ ಹಾಕಬೇಕು, ಏಜೆಂಟು ಮೆಟುಚೆನ್ನಿಗೆ ಬರುತ್ತಾನೆ ಅಂದರು. ಬುರುಡೆಯನ್ನು ನನ್ನ ಕೈಗಿಟ್ಟು, "ನಾದ್ನಿ, ಇವತ್ತು ನೀನು ಹಾಕು" ಅಂದರು. ಕನ್ನಡದ ನಂಟಿನ ಪದಗಳನ್ನೆಲ್ಲ ಅಕ್ಕ ಅವರಿಗೆ ಕಲಿಸಿದ್ದಳು. "ನಾನು ಹೋದ ಮೇಲೆ ಇದು ನಿನ್ನ ಹತ್ತಿರಾನೇ ಇರಲಿ."

ಒಳಗೆ ಹೋಗಿ ನೀರು ಕಾಯಿಸಿದೆ. ಕುದ್ದುಹೋಯಿತು. "ಕುದ್ದ ನೀರು ಸೊಪ್ಪನ್ನು ಕೊಲ್ಲುತ್ತೆ, ಇನ್ನೊಂದು ಸಲ" ಅಂತ ವಾಪಸ್ ಕಳಿಸಿದರು. ಎರಡನೇ ಸಲ ಸರಿಯಾಯಿತು. ಫ್ಲಾಸ್ಕಿಗೆ ತುಂಬಿಕೊಂಡು ಬಂದು ಕೂತೆ. ಮೊದಲನೆಯದನ್ನು ನಾನೇ ಕುಡಿದೆ. ಅಬ್ಬಾ, ಏನು ಕಹಿ! ಇಷ್ಟು ವರ್ಷ ಇದನ್ನು ನಮಗೆ ತಟ್ಟದ ಹಾಗೆ ಅವರು ಒಬ್ಬರೇ ಕುಡಿಯುತ್ತಿದ್ದರು.

ಭಾವನಿಗೆ ಕೊಟ್ಟೆ. ಕುಡಿದು ಮರಳಿಸಿದರು. ಎಲ್ಲಿ ಥ್ಯಾಂಕ್ಸ್ ಅಂದುಬಿಡುತ್ತಾರೋ ಎಂದು ಉಸಿರು ಹಿಡಿದಿದ್ದೆ. ಏನೂ ಹೇಳಲಿಲ್ಲ. ಮಗಳು ಕುಡಿದಳು. ಆಮೇಲೆ ಅಕ್ಕನ ಸರದಿ. ನೀರು ಹಾಕಿ ಖಾಲಿ ಕುರ್ಚಿಯ ಮುಂದೆ ಇಟ್ಟೆ. ಮೂವರೂ ಅದನ್ನೇ ನೋಡುತ್ತಾ ಕೂತೆವು.

"ದೊಡ್ಡಪ್ಪ," ಮಗಳು ಕೇಳಿದಳು, "ಕ್ಯಾನ್ ಐ ಟೇಕ್ ದೊಡ್ಡಮ್ಮಾಸ್ ಟರ್ನ್? ಐ ಡೋಂಟ್ ವಾಂಟ್ ಇಟ್ ಟು ಗೆಟ್ ಕೋಲ್ಡ್."

ಭಾವ ಅವಳನ್ನೇ ನೋಡಿದರು. ತಲೆಯಾಡಿಸಿದರು. ಮಗಳು ಎದ್ದು ಆ ಕುರ್ಚಿಯಲ್ಲಿ ಕೂತು, ಕೊಳವೆಯನ್ನು ಎಡಗಡೆಯ ಕೋರೆಹಲ್ಲಿನಲ್ಲಿ ಕಚ್ಚಿ, ತಳದಲ್ಲಿ ಸೊರಸೊರ ಸದ್ದು ಬರುವವರೆಗೂ ಹೀರಿದಳು. ಕಹಿಗೆ ಮುಖ ಹಿಂಡಿದಳು. ಕಲಕಲಿಲ್ಲ. ಭಾವ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಎರಡನೇ ಸುತ್ತು, ಮೂರನೇ ಸುತ್ತು. ಎರಡು ಗಂಟೆ ಹೊಡೆಯಿತು. ಸೋಫಾ ಅಲ್ಲೇ ಇತ್ತು, ಭಾವ ಮಲಗಲಿಲ್ಲ. ಎರಡೂವರೆಗೆ ಏಜೆಂಟಿನ ಫೋನು. "ಇವತ್ತು ಬರಬೇಡಿ" ಅಂದರು ಭಾವ. "ನಾನೇ ಫೋನ್ ಮಾಡೋವರೆಗೂ ಬರಬೇಡಿ. ಇಲ್ಲಿ ಸುತ್ತು ನಡೀತಾ ಇದೆ, ನಾನು ಎದ್ದಿಲ್ಲ." ಆ ಏಜೆಂಟಿಗೆ ಏನು ಅರ್ಥವಾಯಿತೋ, ಪಾಪ.

ನಾನು ಫ್ಲಾಸ್ಕು ಬಗ್ಗಿಸಿದೆ. ನಾಲ್ಕು ಹನಿ ಬಿತ್ತು. ಇನ್ನು ಅವರು ಥ್ಯಾಂಕ್ಸ್ ಹೇಳಲೇಬೇಕು ಅಂದುಕೊಂಡು ತಲೆ ತಗ್ಗಿಸಿ ಕೂತೆ.

"ನಾದ್ನಿ, ನೀರು ಮುಗೀತು" ಅಂದರು ಭಾವ. "ಇನ್ನೊಂದು ಸಲ ಕಾಯಿಸು. ಕುದಿಸಬೇಡ."

ಓಡಿಹೋಗಿ ನೀರಿಟ್ಟು ಒಲೆಯ ಮುಂದೆ ನಿಂತೆ. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಮತ್ತೆ ಕುದ್ದುಹೋಗಿತ್ತು. ಚೆಲ್ಲಿ ಬೇರೆ ನೀರು ಇಟ್ಟೆ. ಹೊರಗೆ ಯಾರಿಗೂ ಅವಸರವಿರಲಿಲ್ಲ.