ರೇಡಿಯೋದಾಗಿನ ಸೊಸಿಗೆ ಕುಬಸ

ನಮಗೊಬ್ಬಾಕಿ ಅತ್ಯಾ ಇದ್ಲು. ಅಪ್ಪನ ಅಕ್ಕ ಎಲ್ಲಾರ ಮನ್ಯಾಗೂ ಇರತಾಳ, ಅದರಾಗೇನು ದೊಡ್ಡದು ಅಂತೀರಿ? ಹಂಗಾರ ಹೇಳ್ರಿ, ನಿಮ್ಮ ಅತ್ಯಾ ಯಾವತ್ತಾದ್ರೂ ರೇಡಿಯೋಕ್ಕ ಮಜ್ಜಿಗಿ ಕುಡಸಾಕ ಹೋಗಿದ್ಲೇನು? ನಮ್ಮಾಕಿ ಹೋಗಿದ್ಲು! ನಾಟಕದಾಗಿನ ಸೊಸಿ "ನೀರು... ನೀರು..." ಅಂತ ನರಳಿದ್ದಕ್ಕ ತಂಬಗಿ ತುಂಬ ಮಜ್ಜಿಗಿ ತಂದು ರೇಡಿಯೋದ ಮುಂದ ಇಟ್ಟು, "ಉಪ್ಪು ಹಾಕೇನವ್ವಾ, ಕುಡಿ" ಅಂದಿದ್ಲು.

ನಾ ಹೇಳೂದು ಅರವತ್ತರ ದಶಕದ ಮಾತು. ಟೀವಿ ಅನ್ನೂ ಪ್ರಾಣೀನ ಧಾರವಾಡದಾಗ ಯಾರೂ ಕಂಡಿದ್ದಿಲ್ಲ. ಮಾಳಮಡ್ಡಿಯ ನಮ್ಮ ಓಣ್ಯಾಗ ರೇಡಿಯೋ ಇದ್ದದ್ದು ನಮ್ಮ ಮನ್ಯಾಗ ಒಂದ. ಪ್ರತಿ ಬುಧವಾರ ಸಂಜಿಗೆ ಕಂತು ಕಂತಾಗಿ ಒಂದು ನಾಟಕ ಬರತಿತ್ತು, ಪಡಸಾಲ್ಯಾಗ ಹೆಂಗಸರು ಕಾಲಿಡಾಕ ಜಾಗಾ ಇಲ್ಲದಂಗ ತುಂಬತಿದ್ರು. ನಾಟಕದಾಗ ತುಂಗಾ ಅಂತ ಒಬ್ಬಾಕಿ ಸೊಸಿ, ತವರಿಲ್ಲದ ಪರದೇಶಿ. ಆಕೀನ ಹುರದು ಮುಕ್ಕಾಕ ಒಬ್ಬಾಕಿ ಅತ್ತಿ. ಆ ಅತ್ತಿ ದನಿ ಬಂತಂದ್ರ ನಮ್ಮ ಅತ್ಯಾ ಎದ್ದು ಹೋಗಿ ರೇಡಿಯೋದ ಮಾರಿ ಗ್ವಾಡಿ ಕಡೆ ತಿರುಗಿಸಿಬಿಡತಿದ್ಲು. "ಗ್ವಾಡಿಗೆ ಬೈಕೋತ ಕೂಡು, ಹಿಡಂಬಿ!" ತುಂಗಾ ಬಾಯಿ ತಗದ ಕೂಡ್ಲೆ ಮತ್ತ ಈ ಕಡೆ. ನಾಟಕ ಮುಗಿಯೂದ್ರಾಗ ರೇಡಿಯೋಕ್ಕ ತಲಿ ತಿರುಗತಿತ್ತೋ ಏನೋ, ನಮಗಂತೂ ತಿರುಗತಿತ್ತು.

ಶನಿವಾರ ನಗಿ ನಾಟಕ. ಅದನ್ನಾದ್ರೂ ನಕ್ಕೋತ ಕೇಳಬೇಕೋ ಬ್ಯಾಡೋ? ಒಮ್ಮೆ ಅದರಾಗ ಯಾವನೋ ದಡ್ಡ ಏಣಿ ಮ್ಯಾಲಿಂದ ಧಡಲ್ ಅಂತ ಬಿದ್ದ. ನಾವೆಲ್ಲಾ ಹೊಟ್ಟಿ ಹಿಡಕೊಂಡು ನಕ್ವಿ. ಅತ್ಯಾ ಗದರಿಸಿದ್ಲು: "ನಗತೀರಲ್ಲಾ! ಅವನ ತಾಯಿ ಎಲ್ಲೋ ಕುಂತು ಕೇಳಾಕತ್ತಿರತಾಳ!" ಅವತ್ತಿನಿಂದ ನಾವು ಸೆರಗು ಬಾಯಾಗ ತುರುಕಿಕೊಂಡು ನಗಬೇಕಾತು.

ಹಿಂಗಿರಬೇಕಾದ್ರ ಒಂದು ಬುಧವಾರ ನಾಟಕ ಮುಗಿದ ಮ್ಯಾಲೆ ಅತ್ಯಾ ಅಂದ್ಲು, "ತುಂಗಾ ಬಸರಿ."

"ಹಂಗಂತ ಯಾವಾಗ ಹೇಳಿದ್ರು?" ಅಂತ ಮೂಲಿಮನಿ ಕಾಕು ಕೇಳಿದ್ರು. ಈ ಕಾಕು ಅಂದ್ರ ಎಲ್ಲಾರಿಗೂ ಚಿಕ್ಕವ್ವ, ನಮ್ಮ ಓಣಿಯ ಮಡಿ, ಮುಟ್ಟು, ಶಾಸ್ತ್ರಕ್ಕೆಲ್ಲಾ ಸುಪ್ರೀಂ ಕೋರ್ಟು!

"ಹೇಳೂದೇನ್ರಿ? ಆಕಿ ಉಸರು ಕೇಳ್ರಿ. ಒಂದು ಮಾತು ಮುಗಸೂದ್ರಾಗ ಎರಡು ಕಡೆ ನಿಂದರತಾಳ. ಏಳನೇದ್ರಾಗ ಅದಾಳ."

ನಾಟಕ ಬರದಾವಗ ಗೊತ್ತಿಲ್ಲದ ಬಸರು ನಮ್ಮ ಅತ್ಯಾಗ ಗೊತ್ತಾತು! ಮುಂದಿನ ವಾರ ಓಣಿ ತುಂಬ ಇದ ಚ್ಯಾಷ್ಟಿ.

ಅತ್ಯಾ ಏನು ಕೇಳತಾಳ? ಮಂಗಳವಾರ ಸಂತ್ಯಾಗ ನಾ ಆಕಿ ಸಂಗಾತ ಚೀಲಾ ಹಿಡಕೊಂಡು ನಿಂತಿದ್ದೆ. ಬಾಜೂಕ ಒಬ್ಬರು, "ಬದನಿಕಾಯಿ ಹೆಂಗ ಕೊಟ್ಟಿ?" ಅಂತ ಕೇಳಿದ್ರು. ಅತ್ಯಾನ ಕಿವಿ ನೆಟ್ಟಗಾದ್ವು. ಅದು ತುಂಗಾನ ಗಂಡನ ದನಿ!

"ಯಾಕೋ," ಅಂತ ಅತ್ಯಾ ಅವರ ಚೀಲಾ ಹಿಡದ್ಲು, "ತುಂಬಿದ ಬಸರಿ ಹೆಂಡ್ತೀನ ನಿಮ್ಮವ್ವನ ಬಾಯಿಗೆ ಕೊಟ್ಟು, ಇಲ್ಲೆ ಬಂದು ಬದನಿಕಾಯಿ ಹಿಚಕಾಕತ್ತೀಯೇನು?"

ಪಾಪ, ಅವರೊಬ್ಬರು ಸಾಲಿ ಮಾಸ್ತರು, ಬಿಡುವಿನ್ಯಾಗ ರೇಡಿಯೋ ನಾಟಕದಾಗ ಪಾರ್ಟು ಮಾಡತಿದ್ರು. ಅವರ ಬೆನ್ನ ಹಿಂದ ನಿಂತಿದ್ದಾಕಿ ಅವರ ಖರೇ ಹೆಂಡ್ತಿ. ಆಕಿ ಸಂತಿಗೆಲ್ಲಾ ಕೇಳೂಹಂಗ ಕೇಳಿದ್ಲು, "ಯಾವ ಹೆಂಡ್ತೀರಿ?!"

ಮಾಸ್ತರು ಬೆವತು ನೀರಾದ್ರು. ಹೆಂಡ್ತಿಗೆ ತಿಳಿಸಿ ಹೇಳೂದ್ರಾಗ ಅರ್ಧ ಸಂತಿ ಅಲ್ಲೇ ನೆರದಿತ್ತು. ಆಮ್ಯಾಲೆ ಅತ್ಯಾಗ ಕೈ ಮುಗದು, "ಅವ್ವಾರ, ತುಂಗಾ ಬಸರಿ ಅಂತ ನಾಟಕದಾಗ ಇಲ್ಲೇ ಇಲ್ರಿ" ಅಂದ್ರು.

"ನಾಟಕದಾಗ ಇರಲಿಕ್ಕಿಲ್ಲ. ಆಕಿ ಹೊಟ್ಟ್ಯಾಗ ಐತಿ!"

ಮಾಸ್ತರು ಒಮ್ಮೆಲೆ ಅತ್ಯಾನ ಮಾರಿ ದಿಟ್ಟಿಸಿ ನೋಡಿದ್ರು. ಅತ್ಯಾ ಬಿಟ್ಲೇನು? "ನಾಳೆ ನಮ್ಮ ಮನ್ಯಾಗ ಆಕಿಗೆ ಕುಬಸ. ಹೇಳು ಆಕಿಗೆ" ಅಂತ ಮನಿ ಗುರುತನ್ನೂ ಹೇಳಿ ಬಂದ್ಲು.

ಕುಬಸ ಅಂದ್ರ ಚೊಚ್ಚಲ ಬಸರಿಗೆ ತವರಿನವರು ಹಸರು ಸೀರಿ ಉಡಿಸಿ, ಬಳಿ ಇಡಿಸಿ, ಉಡಿ ತುಂಬೂದು. ಓಣ್ಯಾಗ ಯಾರ ಕುಬಸ ಇದ್ರೂ ಉಂಡಿ, ಕಡಬು ಎಲ್ಲಾ ನಮ್ಮ ಅತ್ಯಾನ ಕೈಯಿಂದನ ಆಗಬೇಕು. ಆದ್ರ ಉಡಿ ತುಂಬೂ ಹೊತ್ತಿಗೆ ಆಕಿ ಅಡಗಿಮನಿ ಬಿಟ್ಟು ಹೊರಗ ಬರತಿದ್ದಿಲ್ಲ. ಮದಿವ್ಯಾದ ಹೊಸದರಾಗೇ ಆಕಿ ಗಂಡ ತೀರಿಕೊಂಡಿದ್ದ. ಅಂಥಾಕಿ ಕೈ ಬಸರಿ ಉಡಿಗೆ ಸೋಕಬಾರದು ಅನ್ನೂ ಕಾಲ ಅದು. ತನ್ನ ಕೈಯಾರೆ ಒಬ್ಬಾಕಿಗಾದ್ರೂ ಉಡಿ ತುಂಬಬೇಕು ಅನ್ನೂ ಆಸೆ ಆಕಿಗೆ ಎಷ್ಟಿತ್ತು ಅನ್ನೂದು ನಮಗ ತಿಳದದ್ದು ಅವತ್ತ ಸಂಜಿಗೆ.

ನಮ್ಮಪ್ಪ ಮೆತ್ತಗ ಅಂದ, "ಅಕ್ಕಾ, ತುಂಗಾ ಅನ್ನಾಕಿ ಇಲ್ಲೇ ಇಲ್ಲ. ಅದೊಂದು ನಾಟಕ."

"ಗೊತ್ತೈತಪಾ, ನಾನೇನು ಹುಚ್ಚೀನ? ಇಲ್ಲದಾಕಿಗೆ ನಾ ಉಡಿ ತುಂಬಿದ್ರ ಯಾರಿಗೆ ಕೇಡು?"

ಮರುದಿನ ಅಪ್ಪ ಕಚೇರಿಗೆ ರಜಾ ಹಾಕಿ ಹುಬ್ಬಳ್ಳಿಗೆ ಹೋಗಿ ಹಸರು ಸೀರಿ, ಹಸರು ಬಳಿ, ಒಂದು ರವಕಿ ಖಣ ತಂದ.

ಬುಧವಾರ ಸಂಜಿ ನೋಡಬೇಕಿತ್ತು ನೀವು! ರಂಗೋಲಿ ಹಾಕಿ, ಕೂಡೂ ಮಣಿ ಇಟ್ಟು, ಮಣಿ ಮ್ಯಾಲೆ ನಮ್ಮ ರೇಡಿಯೋ! ಅದಕ್ಕ ಹಸರು ಸೀರಿ, ತಲಿ ಮ್ಯಾಲೆ ಮಲ್ಲಿಗಿ ದಂಡಿ. ಬಳಿ ಎಲ್ಲಿ ಇಡಿಸಬೇಕು? ಅತ್ಯಾ ಅದರ ಎರಡೂ ತಿರುವು ಗುಂಡಿಗೆ ಸಿಗಿಸಿದ್ಲು. ಓಣಿ ಹೆಂಗಸರು ನಗಾಕಂತ ಬಂದಿದ್ರು, ಕಾಕು ಬೈಯಾಕಂತ ಬಂದಿದ್ರು. ಅತ್ಯಾ ಅಕ್ಕಿ, ಕೊಬ್ಬರಿ ಬಟ್ಟಲ, ಅರಿಷಿಣ ಕೊಂಬು, ಎಲಿ, ಅಡಿಕಿ ಹಾಕಿದ ಪರಾತ ಹಿಡಕೊಂಡು ಬಂದ್ಲು.

"ಅತ್ಯಾ" ಅಂತು ತುಂಗಾನ ದನಿ.

ಎಲ್ಲಾರೂ ರೇಡಿಯೋ ನೋಡಿದ್ವಿ. ರೇಡಿಯೋ ಬಂದ್ ಇತ್ತು! ಯಾರೋ ರಾಮ ರಾಮ ಅಂದ್ರು. ಕಾಕು ಕುಂತಲ್ಲೇ ಒಂದು ಮಾರು ಹಾರಿದ್ರು.

"ಇಲ್ಲೆ ಇದ್ದೇನ್ರಿ, ಬಾಗಲದಾಗ."

ಬಾಗಲದಾಗ ಮಾಸ್ತರು, ಅವರ ಹೆಂಡ್ತಿ, ಇಬ್ಬರ ನಡಕ ಒಬ್ಬಾಕಿ ತುಂಬಿದ ಬಸರಿ. "ತುಂಗಾನ ಪಾರ್ಟ್ ಮಾಡಾಕಿ ನಾನರಿ" ಅಂತ ಆಕಿ ಎರಡು ಕಡೆ ಉಸರು ತಗೊಂಡು ಹೇಳಿದ್ಲು. "ಖರೇನ ಏಳರಾಗ ಅದೇನಿ. ನಾಟಕಾ ಮಾಡತಾಳಂತ ತವರಿನವರು ನನ್ನ ಬಿಟ್ಟಾರ. ಕುಬಸ ಮಾಡಾವರು ಯಾರೂ ಇಲ್ರಿ."

"ನಾ ಹೇಳಿದ್ನೋ ಇಲ್ಲೋ!" ಅತ್ಯಾ ಗೆದ್ದಬಿಟ್ಟಿದ್ಲು. "ಕಾಕು, ಕೇಳಿದ್ರೇನು? ಏಳು! ನಗ್ರಿ ಈಗ, ಎಲ್ಲಾರೂ ನಗ್ರಿ!" ಪಡಸಾಲಿ ತುಂಬ ಚಪ್ಪಾಳಿ. ನಾನಂತೂ ಕೈ ಕೆಂಪಾಗೂ ತನಕ ತಟ್ಟಿದೆ.

ರೇಡಿಯೋ ಇಳಿಸಿ ಆಕೀನ ಮಣಿ ಮ್ಯಾಲೆ ಕುಂಡರಿಸಿದ್ವಿ. ಅದೇ ಹಸರು ಸೀರಿ ಹೊದಿಸಿ, ಅದೇ ಬಳಿ ಇಡಿಸಿದ್ವಿ. ಆಮ್ಯಾಲೆ ಎಲ್ಲಾರೂ ಅತ್ಯಾನ ಕಡೆ ನೋಡಿದ್ರ, ಆಕಿ ಪರಾತ ಕೆಳಗಿಟ್ಟು ಅಡಗಿಮನಿ ಕಡೆ ಹೊಂಟಿದ್ಲು.

"ಕಾಕು, ನೀವು ತುಂಬ್ರಿ" ಅಂದ್ಲು. "ರೇಡಿಯೋದ ಮಾತು ಬ್ಯಾರೆ. ಇದು ಜೀವದ ಬಸರು. ನನ್ನ ಕೈಲೆ ಬ್ಯಾಡ."

ಮಣಿ ಮ್ಯಾಲಿನಾಕಿ ಕಷ್ಟಪಟ್ಟು ಎದ್ಲು. ಅಡಗಿಮನಿ ಹೊಸ್ತಿಲ ತನಕ ಹೋಗಿ ಅತ್ಯಾನ ಮುಂದ ಸೆರಗೊಡ್ಡಿ ನಿಂತ್ಲು. "ಊರ ಮಂದಿ ಎಲ್ಲಾ ನನ್ನ ಮಾತು ಕೇಳಿದ್ರು, ಅತ್ಯಾ. ನನ್ನ ಉಸರು ಕೇಳಿದಾವರು ನೀವೊಬ್ಬರ. ನೀವ ತುಂಬಬೇಕು."

ನಾವೆಲ್ಲಾ ಕಾಕುನ ಮಾರಿ ನೋಡಾಕತ್ತಿದ್ವಿ. ಕಾಕು ಎದ್ರು, ಪರಾತ ಎತ್ತಿಕೊಂಡ್ರು, ನಡಕೋತ ಹೋಗಿ ಅತ್ಯಾನ ಕೈಯಾಗ ಕೊಟ್ರು. "ತುಂಬವ್ವಾ" ಅಂದ್ರು, "ಹೊತ್ತಾತು."

ಅತ್ಯಾ ಒಂದು ಮುಟಗಿ ಅಕ್ಕಿ ಹಾಕಿದ್ಲು, ಇನ್ನೊಂದು ಹಾಕಿದ್ಲು. ಐದು ಮುಟಗಿ ಹಾಕೂದು ಪದ್ಧತಿ. ಐದಾತು, ಹತ್ತಾತು, ಅತ್ಯಾ ನಿಂದರಲಿಲ್ಲ. ಸೆರಗು ತುಂಬಿ ಅಕ್ಕಿ ಹೊಸ್ತಿಲ ಮ್ಯಾಲೆ ಚೆಲ್ಲಾಕತ್ತಿತು. ಆ ಹುಡಿಗಿ ಅಳಕೋತ, ನಕ್ಕೋತ, "ಭಾರ ಆತ್ರಿ ಅತ್ಯಾ, ಸಾಕ್ರಿ" ಅಂದ್ಲು.

"ಸುಮ್ಮನ ಹಿಡಿ, ಮಗಳ" ಅಂದ್ಲು ನಮ್ಮ ಅತ್ಯಾ.

ನಾವು ಯಾರೂ ಆಕೀನ ತಡೀಲಿಲ್ಲ.