ಮುಂದಿನ ವರ್ಷಕ್ಕೆ ನಡೆದು ಹೋದದ್ದು

ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ‘ನನ್ನ ಜೀವನದ ಗುರಿ’ ಎಂಬ ಪ್ರಬಂಧ ಬರೆಸುತ್ತೇನೆ. ಡಾಕ್ಟರು, ಕಲೆಕ್ಟರು, ಪೊಲೀಸು ಎಂದು ಅವರು ಧೈರ್ಯವಾಗಿ ಬರೆದದ್ದರಲ್ಲಿ ಕಾಗುಣಿತ ತಿದ್ದುವ ನನಗೆ, ವಯಸ್ಸು ಐವತ್ತರ ಹತ್ತಿರ ಬಂದರೂ ಹೇಳಿಕೊಳ್ಳುವಂಥ ಗುರಿ ಇರಲಿಲ್ಲ. ಇದ್ದದ್ದೊಂದನ್ನು ಹೇಳಿಕೊಳ್ಳಲು ನಾಚಿಕೆ: ಸ್ಕೂಟರ್ ಓಡಿಸುವುದು. ಮಗಳು ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ಅವಳ ಸ್ಕೂಟರು ಹಳೇ ಬೆಡ್‌ಶೀಟು ಹೊದ್ದು ನಮ್ಮ ಹುಣಸೂರಿನ ಮನೆಯ ವರಾಂಡದಲ್ಲಿ ನಿಂತಿತ್ತು. ನಾನು ಅದರ ಪಕ್ಕದಲ್ಲೇ ಹಾದು, ಬಸ್ಸಿಗೆ ಓಡಿ, ಗಾವಡಗೆರೆಯ ಶಾಲೆಗೆ ಜೋತಾಡಿಕೊಂಡು ಹೋಗುತ್ತಿದ್ದೆ. ಬಸ್ಸು ತಪ್ಪಿದ ದಿನ ಹೆಡ್‌ಮಾಸ್ಟರು ಗಡಿಯಾರ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಆದರೂ ಸ್ಕೂಟರಿನ ಹ್ಯಾಂಡಲ್ ಮುಟ್ಟಿದರೆ ಸಾಕು, ಅಂಗೈ ಬೆವರುತ್ತಿತ್ತು. ಕಲಿಸಲು ಬಂದ ಯಜಮಾನರು “ನಿನಗೆ ಬಸ್ಸೇ ಸರಿ” ಎಂದು ಕೈಬಿಟ್ಟರು.

ಕೈ ಹಿಡಿದವಳು ಪಕ್ಕದ ಮನೆಯ ನಸೀಮಾ. ಬಟ್ಟೆ ಅಂಗಡಿಯವರ ಸೊಸೆ, ಚುರುಕು ಹುಡುಗಿ. ಫೋನಿನಲ್ಲೇ ಅದೇನೋ ‘ಲೈಫ್ ಕೋಚ್’ ತರಬೇತಿ ಮುಗಿಸಿ, ಪ್ರಯೋಗಕ್ಕೆ ಯಾರಾದರೂ ಸಿಕ್ಕಾರೇ ಎಂದು ಕಾಯುತ್ತಿದ್ದಳು. ನಾನು ಸಿಕ್ಕಿದೆ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಲೈನಿಂಗ್ ಬಟ್ಟೆಯ ಥಾನು ತಂದು ನಮ್ಮ ನಡುಮನೆಯಲ್ಲಿ ಉದ್ದಕ್ಕೆ ಬಿಚ್ಚಿ ಹಾಸಿದಳು.

“ಅಕ್ಕಾ, ಇದಕ್ಕೆ ಟೈಮ್‌ಲೈನ್ ಅಂತಾರೆ. ಈ ತುದಿ ಇವತ್ತು, ಆ ತುದಿ ಮುಂದಿನ ವರ್ಷ. ಕಣ್ಣು ಮುಚ್ಕೊಂಡು ನಡೀರಿ. ಅಲ್ಲಿ ನಿಂತು, ಗುರಿ ಮುಟ್ಟಿ ಆಯ್ತು ಅಂತ ನೋಡ್ಬೇಕು. ಆಮೇಲೆ ಇದೇ ದಾರೀಲಿ ಇವತ್ತಿಗೆ ವಾಪಸ್ ಬರ್ಬೇಕು.”

ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮತ್ತೆ ಇಣುಕಿದರು. “ಇದೇನವ್ವಾ, ನಡುಮನೇಲಿ ಬಿಳಿ ಬಟ್ಟೆ ಆಸೀರಿ? ಯಾರ್ ಸತ್ರು ಅಂತ?”

“ಯಾರೂ ಇಲ್ಲ ಅಜ್ಜಿ. ಅಕ್ಕ ಮುಂದಿನ ವರ್ಷಕ್ಕೆ ಹೋಗ್ತಿದ್ದಾರೆ.”

“ಅಂಗಾರೆ ಅನ್ನಕ್ಕಿಟ್ಬುಟ್ಟು ಓಗ್ಲಿ.”

ಕುಕ್ಕರ್ ಒಲೆಯ ಮೇಲಿಟ್ಟು ಬಂದೆ. ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಹೆಜ್ಜೆಯಿಟ್ಟೆ. ಮೊದಮೊದಲು ನಗು ತಡೆಯಲಾಗಲಿಲ್ಲ. ನಡುದಾರಿಯಲ್ಲಿ ನಗು ತಾನಾಗಿ ನಿಂತಿತು. ಪಾದದಡಿಯ ಬಟ್ಟೆ ತಣ್ಣಗಾಗುತ್ತ ಹೋಯಿತು. ತುದಿ ಮುಟ್ಟಿದಾಗ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಘಾಟು ಮೂಗಿಗೆ ಬಡಿಯಿತು. ಅದು ಹೊಗೆಸೊಪ್ಪು ಹದ ಮಾಡುವ ಕಾಲವೇ ಅಲ್ಲ. ಗಾವಡಗೆರೆಯ ರಸ್ತೆ ಕಂಡಿತು. ನಾನು ಸ್ಕೂಟರಿನ ಮೇಲಿದ್ದೆ, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

“ಏನ್ ಕಾಣ್ತದೆ ಅಕ್ಕಾ?”

“ಓಡಿಸ್ತಿದ್ದೀನಿ... ಹಿಂದೆ ಯಾರೋ ಕೂತಿದ್ದಾರೆ.”

“ಯಾರು?”

“ಗೊತ್ತಿಲ್ಲ. ಹೆಗಲು ಹಿಡ್ಕೊಂಡಿದ್ದಾರೆ. ಕೈ ತಣ್ಣಗಿದೆ.”

ನಸೀಮಾ ಸಣ್ಣ ದನಿಯಲ್ಲಿ, “ನಮ್ಮ ಕೋರ್ಸಲ್ಲಿ ಹಿಂದೆ ಯಾರೂ ಕೂರಲ್ಲ ಅಕ್ಕಾ” ಎಂದಳು.

ಆ ಗಳಿಗೆಗೇ ಕುಕ್ಕರ್ ಕೂಗಿತು. ನಾನು ಕಿಟಾರನೆ ಕಿರುಚಿ, ಬಟ್ಟೆಯಿಂದ ಪಕ್ಕಕ್ಕೆ ಹಾರಿ, ಸೋಫಾದ ಮೇಲೆ ಬಿದ್ದೆ. ನಮ್ಮತ್ತೆ ಒಲೆ ಆರಿಸಿ, “ಮುಂದಿನ್ ವರ್ಸಕ್ಕೆ ಓದೋರು ಬಂದ್ರಾ?” ಎಂದು ಕೇಳಿದರು.

ವಿಚಿತ್ರವೆಂದರೆ, ಆಮೇಲೆ ನನಗೆ ಸ್ಕೂಟರು ಬಂತು. ಮೈದಾನದಲ್ಲಿ ಕಲಿತೆ, ಬೀದಿಗೆ ಇಳಿದೆ, ಮಳೆ ಹಿಡಿಯುವ ಹೊತ್ತಿಗೆ ಶಾಲೆಗೇ ಹೋಗತೊಡಗಿದೆ. ಹೆಡ್‌ಮಾಸ್ಟರು ಗಡಿಯಾರ ನೋಡುವುದನ್ನು ಬಿಟ್ಟರು. ಯಜಮಾನರು ಕಲಿಸಿದವರು ತಾವೇ ಎಂದು ಬಂಧುಗಳಿಗೆಲ್ಲ ಹೇಳಿದರು. ನಾನು ಯಾರಿಗೂ ಹೇಳದ್ದು ಒಂದಿತ್ತು. ಒಬ್ಬಳೇ ಹೊರಟಾಗಲೂ ರಸ್ತೆಯಲ್ಲಿ ಹಂಪು ಬಂದಾಗ ಗಾಡಿಯ ಹಿಂಭಾಗ ಭಾರವಾಗಿ ಕುಸಿಯುತ್ತಿತ್ತು. ಎದುರಿಗೆ ಲಾರಿ ಬಂದರೆ ನಾನು ಬೆದರುವ ಮೊದಲೇ ಎರಡೂ ಹೆಗಲ ಮೇಲೆ ಮೆಲ್ಲಗೆ ಒತ್ತಿದಂತಾಗುತ್ತಿತ್ತು. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಿದ್ದೆ. ಆಕಾಶ ಮಾತ್ರ ಕಾಣುವಂತೆ.

ಬ್ಯಾರನ್ನುಗಳಲ್ಲಿ ನಿಜವಾಗಿಯೇ ಹೊಗೆ ಏಳುವ ಕಾಲ ಬಂತು. ಒಂದು ಸಂಜೆ ಶಾಲೆಯ ತಿರುವಿನ ಪೆಟ್ಟಿಗೆ ಅಂಗಡಿಯ ಸಿದ್ದೇಗೌಡರು ಕರೆದರು.

“ಟೀಚ್ರೇ, ದಿನಾ ಇಂದೆ ಕೂರಿಸ್ಕಂಡು ಓಯ್ತೀರಲ್ಲ, ಅವ್ರು ನಿಮ್ಮಕ್ಕನಾ?”

“ಯಾಕೆ ಗೌಡರೇ?”

“ನಿಮ್ಮಂಗೇ ಅವ್ರೆ ಕಣ್ರವ್ವಾ. ಅದೇ ಮಕ. ಆದ್ರೆ ಒಂದಿನಾನೂ ಕಣ್ ಬುಟ್ಟಿದ್ ನೋಡ್ಲಿಲ್ಲ. ಕಣ್ ಕಾಣಾಕಿಲ್ವೇನೋ, ಪಾಪ.”

ಮನೆಗೆ ಹೇಗೆ ತಲುಪಿದೆನೋ ಗೊತ್ತಿಲ್ಲ. ಚಪ್ಪಲಿಯನ್ನೂ ಬಿಡದೆ ನಸೀಮಾಳ ಮನೆಗೆ ನುಗ್ಗಿದೆ. ಎಲ್ಲವನ್ನೂ ಕೇಳಿ ಅವಳ ಮುಖ ಬಿಳಚಿಕೊಂಡಿತು.

“ಯಾ ಅಲ್ಲಾ! ಅವತ್ತು ನೀವು ವಾಪಸ್ ನಡೀಲೇ ಇಲ್ಲ ಅಕ್ಕಾ. ಪಕ್ಕಕ್ಕೆ ಹಾರಿಬಿಟ್ರಿ. ಕಣ್ಣು ಮುಚ್ಕೊಂಡು ಹೋದೋರು ಅಲ್ಲೇ ನಿಂತ್ಬಿಟ್ಟಿದ್ದಾರೆ.”

ಮರುದಿನವೇ ಮತ್ತೆ ಬಟ್ಟೆ ಹಾಸಿದಳು. ಈ ಸಲ ನನ್ನನ್ನು ಮುಂದಿನ ವರ್ಷದ ತುದಿಯಲ್ಲಿ ನಿಲ್ಲಿಸಿ, “ಅವರನ್ನ ಕರ್ಕೊಂಡು ಇವತ್ತಿಗೆ ಬನ್ನಿ” ಎಂದಳು. ಕಣ್ಣು ಮುಚ್ಚಿದೆ. ಹೆಗಲ ಮೇಲೆ ಆ ತಣ್ಣನೆಯ ಕೈಗಳು ಬಂದು ಕೂತವು. ಈ ಸಲ ಅವು ನಡುಗುತ್ತಿದ್ದವು. ಇವತ್ತಿನ ಕಡೆಗೆ ಒಂದು ಹೆಜ್ಜೆ ಇಟ್ಟರೆ ಇನ್ನೂ ಬಿಗಿಯಾಗಿ ಹಿಡಿದುಕೊಂಡವು. ಅವಳೂ ನಾನೇ ತಾನೇ, ಜೀವಮಾನವೆಲ್ಲ ಬಸ್‌ಸ್ಟಾಪಿನಲ್ಲಿ ನಿಂತವಳು, ಈಗಷ್ಟೇ ಗಾಳಿಗೆ ಮುಖ ಒಡ್ಡಿದವಳು. ಅವಳನ್ನು ಎಳೆದು ತಂದು ಮತ್ತೆ ಅಲ್ಲೇ ನಿಲ್ಲಿಸಬೇಕೇ? ಅದಕ್ಕಿಂತ ದೊಡ್ಡ ದಿಗಿಲು ಬೇರೆ ಇತ್ತು. ಇವತ್ತಿನ ತುದಿಗೆ ಬರುವವಳು ಒಬ್ಬಳೇ ಎಂದಾದರೆ, ಬರುವವಳು ಯಾರು, ಗಾಡಿ ಓಡಿಸುವವಳೋ ಹೆದರುವವಳೋ?

ಕಣ್ಣು ಬಿಟ್ಟೆ. “ಇನ್ನೊಂದು ದಿನ ನೋಡೋಣ ನಸೀಮಾ” ಎಂದೆ. ಅವಳು ಬಟ್ಟೆ ಸುತ್ತಿಕೊಂಡಳು. ಆ ಇನ್ನೊಂದು ದಿನ ಇನ್ನೂ ಬಂದಿಲ್ಲ.

ಹೋದ ವಾರ ನಮ್ಮತ್ತೆ ಸಂತೆಗೆ ಹೊರಟು ಚೀಲ ಹಿಡಿದು ನಿಂತಿದ್ದರು. “ಅದೇ ದಾರೀಲಿ ಓಯ್ತೀಯಲ್ಲ, ನನ್ನೂ ಕೂರಿಸ್ಕೊ” ಎಂದರು.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ನಾನು ಯೋಚಿಸದೆ ಹೇಳಿಬಿಟ್ಟೆ, “ಹಿಂದೆ ಜಾಗ ಇಲ್ಲ ಅತ್ತೆ.”

ಖಾಲಿ ಸೀಟನ್ನು ಅವರು ಒಂದು ಸಲ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, “ಊಂ, ಬುಡು. ಆಟೋದಲ್ಲಿ ಬತ್ತೀನಿ” ಎಂದರು.

ಹೆತ್ತ ತಾಯಿಯಂಥವರನ್ನು ಬಾಗಿಲಲ್ಲೇ ಬಿಟ್ಟು ಹೊರಟೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು. ಆದರೆ ಹಿಂದೆ ಕೂತವಳು ಕಂಡುಬಿಟ್ಟಾಳೆಂದು, ಹೊರಡುವಾಗ ತಿರುಗಿ ನೋಡಿ ಕ್ಷಮಿಸಿ ಎನ್ನುವುದಕ್ಕೂ ನನಗೆ ಧೈರ್ಯವಿರಲಿಲ್ಲ.